ಇಂಜಿನ್ ಲೈಟ್ ಹತ್ತಿದೆ, ಗಾಡಿ ನಡುಗುತ್ತಿದೆ: ಆಕ್ಸಿಜನ್ ಸೆನ್ಸರ್ ಬದಲಿಸಬೇಕಾ?

ನೀವು ಕೇಳಿದ್ದು ಇಷ್ಟು: ಪುಣೆಯ ವಾಕಡ್‌ನಲ್ಲಿದ್ದೀರಿ, 2017ರ ಪೆಟ್ರೋಲ್ ಕಾರು. ಜೋರು ಮಳೆಯಲ್ಲಿ ಬೆಳಗಾವಿಗೆ ಹೋಗಿ ಬಂದ ಮೇಲೆ ಹಳದಿ ಇಂಜಿನ್ ಲೈಟ್ ಹತ್ತಿಕೊಂಡಿದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ಸಣ್ಣಗೆ ನಡುಗುತ್ತದೆ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯುವುದು) ಹೋಗಿದೆ ಅಂದಿದ್ದಾರೆ. ಬದಲಿಸಬೇಕಾ, ಅಲ್ಲಿಯವರೆಗೆ ಓಡಿಸಬಹುದಾ?

ಇಷ್ಟಕ್ಕೇ ಸೆನ್ಸರ್ ಬದಲಿಸಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಮೊದಲ ಅನುಮಾನ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಗಾಗಿ ಕರೆಂಟ್ ಕೊಡುವ ಭಾಗ) ಮೇಲೆ.

ಓಡಿಸುವ ವಿಷಯ ಮೊದಲು ಮುಗಿಸೋಣ. ಲೈಟ್ ಹಳದಿ ಬಣ್ಣದಲ್ಲಿ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಓಡಾಡಬಹುದು. ಅದು ಮಿನುಗಲು ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಪಕ್ಕಕ್ಕೆ ಹಾಕಿ. ಮಿನುಗುತ್ತಿದೆ ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೇ ಸೈಲೆನ್ಸರ್ ಕಡೆ ಹೋಗುತ್ತಿದೆ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದರೆ ಒಳಗಿನ ಜಾಲರಿ ಕರಗುತ್ತದೆ. ಅದರಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತವೆ, ಬಿಲ್ ಎಷ್ಟಾಗಬಹುದು ಅಂತ ನೀವೇ ಊಹಿಸಿ. ಹಾಗೆ ಮಿನುಗುವ ಗಾಡಿಯಲ್ಲಿ ಖಂಬಾಟ್ಕಿ ಘಾಟ್ ಹತ್ತುವ ಸಾಹಸ ಬೇಡವೇ ಬೇಡ. ಕೆಂಪು ಆಯಿಲ್ ಲೈಟ್ ಅಥವಾ ಕೆಂಪು ಟೆಂಪರೇಚರ್ ಲೈಟ್ ಬಂದರಂತೂ ಅಲ್ಲೇ ಇಂಜಿನ್ ಆಫ್ ಮಾಡಿ.

ಈಗ ಸೆನ್ಸರ್ ಕಥೆಗೆ ಬರೋಣ. ಕೋಥ್ರೂಡ್ ಗುಡ್ಡದ ಮೇಲೆ ಎಆರ್‌ಎಐ ಅನ್ನುವ ವಾಹನ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಹೊಸ ಗಾಡಿಗಳ ಹೊಗೆ ಪರೀಕ್ಷೆ ನಡೆಯುತ್ತದೆ. ರಸ್ತೆಗೆ ಬಂದ ಮೇಲೂ ಹೊಗೆ ಮಿತಿ ಮೀರದಂತೆ ಇಂಜಿನ್ ಕಂಪ್ಯೂಟರ್ ಕಾಯುತ್ತಿರುತ್ತದೆ. ಏನೋ ಕೆಟ್ಟು ಹೊಗೆ ಹೆಚ್ಚಾಗಬಹುದು ಅನ್ನಿಸಿದಾಗ ಈ ಲೈಟ್ ಹತ್ತಿಸಿ, ಒಂದು ಕೋಡ್ ಬರೆದಿಡುತ್ತದೆ. ಆ ಕೋಡ್ ದೂರು ಮಾತ್ರ, ಯಾವ ಪಾರ್ಟ್ ಬದಲಿಸಬೇಕು ಅನ್ನುವ ತೀರ್ಪಲ್ಲ. ಒಂದು ಸಿಲಿಂಡರ್‌ನಲ್ಲಿ ಕಿಡಿ ಹಾರದಿದ್ದರೆ ಅದು ಎಳೆದುಕೊಂಡ ಗಾಳಿ ಬಳಕೆಯಾಗದೇ ಹಾಗೇ ಎಕ್ಸಾಸ್ಟ್‌ಗೆ ಬರುತ್ತದೆ. ಗಾಳಿಯಲ್ಲಿ ಆಕ್ಸಿಜನ್ ಇದೆ. ಸೆನ್ಸರ್ ಅದನ್ನು ನೋಡಿ 'ಆಕ್ಸಿಜನ್ ಜಾಸ್ತಿ ಬರ್ತಿದೆ, ಪೆಟ್ರೋಲ್ ಕಡಿಮೆಯಾಗಿದೆ' ಅನ್ನುತ್ತದೆ. ಅದು ಕಂಡಿದ್ದು ನಿಜ, ಕಾರಣ ಬೇರೆ. ಮೆಕ್ಯಾನಿಕ್ ಸ್ಕ್ಯಾನರ್‌ನಲ್ಲಿ 'ಲೀನ್' (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಅನ್ನುವ ಪದ ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸಿದರೆ, ಜ್ವರ ಬಂತು ಅಂತ ಥರ್ಮಾಮೀಟರ್ ಬದಲಿಸಿದ ಹಾಗಾಯಿತು.

ಹಾಗಾಗಿ ಕೋಡ್ ಏನು ಅಂತ ಕೇಳಿ. ಇಲ್ಲಿನ ಗ್ಯಾರೇಜುಗಳಲ್ಲಿ ಮರಾಠಿಯಲ್ಲಿ 'ದಾದಾ, ಕೋಡ್ ಕಾಯ್ ಆಲಾ?' ಅಂದರೆ ಸಾಕು, ಹೇಳುತ್ತಾರೆ. ಹೇಳದೇ 'ಸಾಹೇಬ್, ಸೆನ್ಸರ್ ಗೇಲಾ' ಅಂತಲೇ ಕೂತರೆ ಬೇರೆ ಗ್ಯಾರೇಜ್ ಹುಡುಕಿ. ಅಥವಾ ನೀವೇ ಓದಿ. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಓಬಿಡಿ-2 (ಗಾಡಿಯೇ ತನ್ನ ತೊಂದರೆ ಪತ್ತೆಹಚ್ಚಿ ಕೋಡ್ ಬರೆದಿಡುವ ವ್ಯವಸ್ಥೆ) ಕಡ್ಡಾಯ, ನಿಮ್ಮದರಲ್ಲಿ ಇದ್ದೇ ಇದೆ. ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿದರೆ 16 ಪಿನ್ನಿನ ಸಾಕೆಟ್ ಕಾಣುತ್ತದೆ. ಇಎಲ್‌ಎಂ327 ಅನ್ನುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ತೀರಾ ಅಗ್ಗದ ನಕಲಿಗಳು ಕೆಲವು ಗಾಡಿಗಳ ಜೊತೆ ಮಾತೇ ಆಡುವುದಿಲ್ಲ, ರಿವ್ಯೂ ನೋಡಿ ತಗೊಳ್ಳಿ. ಐಫೋನ್ ಇದ್ದರೆ ವೈ-ಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದೇ ಬೇಕು. ಕೆಲಸ ಮುಗಿದ ಮೇಲೆ ಕಿತ್ತಿಡಿ, ಹಾಗೇ ಬಿಟ್ಟರೆ ಬ್ಯಾಟರಿ ತಿನ್ನುತ್ತದೆ.

ಪಿ0301, ಪಿ0302, ಹೀಗೆ ಬಂದರೆ ಮಿಸ್‌ಫೈರ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0300 ಅಂದರೆ ಮಿಸ್‌ಫೈರ್ ಇದೆ, ಒಂದೇ ಸಿಲಿಂಡರ್‌ನದಲ್ಲ. ಪಿ0171 ಅಂದರೆ ಲೀನ್. ಪಿ0135 ಥರದ ಕೋಡ್ ಬಂದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಮಾತಿಗೆ ಸ್ವಲ್ಪ ಬೆಲೆ ಕೊಡಿ, ಅದು ಕನ್ವರ್ಟರ್‌ಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನದು. ಆಗಲೂ ಮೊದಲು ಫ್ಯೂಸ್, ವೈರ್ ನೋಡಬೇಕು. ಆದರೆ ಬರೀ ಹೀಟರ್ ಹೋದರೆ ಗಾಡಿ ಹೀಗೆ ನಡುಗುವುದಿಲ್ಲ. ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತಲೂ ಇರುತ್ತದೆ. ಲೈಟ್ ಹತ್ತಿದ ಕ್ಷಣದಲ್ಲಿ ಆರ್‌ಪಿಎಂ, ವೇಗ, ಇಂಜಿನ್ ಬಿಸಿ ಎಷ್ಟಿತ್ತು ಅನ್ನುವ ದಾಖಲೆ ಅದು. ಕೋಡ್ ಅಳಿಸಿದರೆ ಅದೂ ಹೋಗುತ್ತದೆ, ಆದ್ದರಿಂದ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ 'ಝಾಲಾ' (ಆಯಿತು) ಅನ್ನುವವರು ಇದ್ದಾರೆ. ಲೈಟ್ ಆರುತ್ತದೆ, ಸಾಕ್ಷಿಯೂ ಅಳಿಸಿಹೋಗುತ್ತದೆ, ತೊಂದರೆ ಅಲ್ಲೇ ಇರುತ್ತದೆ.

ಮಿಸ್‌ಫೈರ್ ಕೋಡ್ ಬಂದರೆ ಒಂದು ಪರೀಕ್ಷೆ ಇದೆ, ಅದಕ್ಕೆ ಹೊಸ ಪಾರ್ಟ್ ಏನೂ ಬೇಡ. ಹೋದ ಮಳೆಗಾಲದಲ್ಲಿ ಚಿಂಚ್‌ವಡ್‌ನಲ್ಲಿರುವ ನಮ್ಮ ಭಾವನ ಕಾರಿಗೂ ಇದೇ ಆಗಿತ್ತು, ಪಿ0303. ಇಂಜಿನ್ ತಣ್ಣಗಾದ ಮೇಲೆ ಮೂರನೇ ಕಾಯಿಲ್‌ನ ಒಂದು ಬೋಲ್ಟ್ ಬಿಚ್ಚಿ, ಕನೆಕ್ಟರ್ ಲಾಕ್ ಒತ್ತಿ ಮೇಲೆಳೆದೆ. ಪ್ಲಗ್ ಮೇಲೆ ಕೂರುವ ರಬ್ಬರ್ ಬೂಟ್ ಒಳಗಿನ ಸ್ಪ್ರಿಂಗ್ ಹಸಿರು ಹಿಡಿದಿತ್ತು. ಬೂಟ್ ಹೊರಮೈಮೇಲೆ ಕೂದಲೆಳೆಯಂಥ ಕಪ್ಪು ಗೆರೆ, ಮೇಲಿಂದ ಕೆಳಗಿನವರೆಗೆ. ಕಿಡಿ ಪ್ಲಗ್‌ಗೆ ಹೋಗದೇ ಆ ಗೆರೆ ಹಿಡಿದು ಇಂಜಿನ್ ಲೋಹಕ್ಕೆ ಹಾರುತ್ತಿತ್ತು. ಪ್ಲಗ್ ಕೂತಿರುವ ಗುಂಡಿಯಲ್ಲಿ ತುಕ್ಕಿನ ನೀರು ಬೇರೆ. ಆದರೂ ಕಣ್ಣಿನ ಸಾಕ್ಷಿ ಸಾಲದು ಅಂತ ಆ ಕಾಯಿಲ್ಲನ್ನು ಒಂದನೇ ಸಿಲಿಂಡರ್‌ಗೆ, ಒಂದರದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಕಾತ್ರಜ್ ಹಳೇ ಘಾಟ್ ಕಡೆ ಒಂದು ಸುತ್ತು ಹೋದೆವು. ಏರು ಬಂದ ಕೂಡಲೇ ಲೈಟ್ ಹತ್ತಿತು. ಕೋಡ್ ಈಗ ಪಿ0301. ತೊಂದರೆ ಕಾಯಿಲ್ ಜೊತೆಗೇ ಜಾಗ ಬದಲಿಸಿತ್ತು. ಕೋಡ್ ಮೂರರಲ್ಲೇ ಉಳಿದಿದ್ದರೆ ಮುಂದೆ ಪ್ಲಗ್ ಅದಲು ಬದಲು ಮಾಡುತ್ತಿದ್ದೆ, ಆಮೇಲೆ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವುದು), ಕೊನೆಗೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡುತ್ತಿದ್ದೆ.

ನೀವೂ ಹೀಗೇ ಮಾಡಿ. ಇಗ್ನಿಷನ್ ಆಫ್ ಇರಲಿ. ಪ್ಲಗ್ ಬಿಚ್ಚುವ ಮುಂಚೆ ಗುಂಡಿಯ ನೀರು, ಮಣ್ಣು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದು ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ವಾಪಸ್ ಹಾಕುವಾಗ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ. ಅಂದಹಾಗೆ ಆ ನೀರು ಬರೀ ಮಳೆಯದ್ದೇ ಇರಬೇಕಿಲ್ಲ. ಊರಿಂದ ಬಂದ ಮೇಲೆ ವಾಷಿಂಗ್ ಸೆಂಟರ್‌ನಲ್ಲಿ ಬಾನೆಟ್ ತೆಗೆಸಿ ಪ್ರೆಷರ್ ಹೊಡೆಸಿದ್ರಾ? ನೆನಪು ಮಾಡಿಕೊಳ್ಳಿ.

ಬರೀ ಪಿ0171 ಬಂದು ಮಿಸ್‌ಫೈರ್ ಕೋಡ್ ಇಲ್ಲದಿದ್ದರೆ ದಾರಿ ಬೇರೆ. ಆ್ಯಪ್‌ನಲ್ಲಿ ಶಾರ್ಟ್ ಮತ್ತು ಲಾಂಗ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ನೋಡಿ, ಎರಡನ್ನೂ ಕೂಡಿಸಿ. ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದಿದ್ದಾಗ) ಪ್ಲಸ್ 20ರ ಮೇಲಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ. ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಹೋಸ್ ಮಡಿಕೆಗಳನ್ನು ಬೆರಳಲ್ಲಿ ಅಗಲಿಸಿ ನೋಡಿ, ಬಿರುಕು ಅಲ್ಲೇ ಅಡಗಿರುತ್ತದೆ. ವೇಗ ಏರಿಸಿದಷ್ಟೂ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ, ಪಂಪ್, ಫಿಲ್ಟರ್ ಕಡೆ ನೋಡಬೇಕು. ಈ ಲೆಕ್ಕ ಮಾಸ್ ಏರ್ ಫ್ಲೋ ಸೆನ್ಸರ್ (ಒಳಗೆ ಹೋಗುವ ಗಾಳಿ ಅಳೆಯುವುದು) ಇರುವ ಗಾಡಿಗಳಿಗೆ. ನಮ್ಮ ಎಷ್ಟೋ ಸಣ್ಣ ಕಾರುಗಳಲ್ಲಿ ಅದರ ಬದಲು ಮ್ಯಾಪ್ ಸೆನ್ಸರ್ (ಇಂಟೇಕ್ ಒಳಗಿನ ಒತ್ತಡ ಅಳೆಯುವುದು) ಇರುತ್ತದೆ. ಅವುಗಳಲ್ಲಿ ಗಾಳಿ ಸೋರಿದರೆ ಟ್ರಿಮ್ ಅಷ್ಟು ಏರುವುದಿಲ್ಲ, ಐಡಲ್ ಆರ್‌ಪಿಎಂ ಏರುತ್ತದೆ. ಯೂಟ್ಯೂಬ್ ನೋಡಿ ಲೆಕ್ಕ ಹಾಕುವವರು ಇಲ್ಲೇ ಎಡವುತ್ತಾರೆ.

ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದನ್ನು ಬಂದ್ ಮಾಡಿ ಪೆಟ್ರೋಲ್‌ನಲ್ಲಿ ಓಡಿಸಿ ನೋಡಿ. ನಡುಕ ನಿಂತರೆ ಕಿಟ್ ಹಾಕಿದವರ ಹತ್ತಿರ ಹೋಗಿ. ಗ್ಯಾಸ್‌ಗೆ ಕಿಡಿ ಇನ್ನೂ ಜೋರಾಗಿರಬೇಕು, ಸವೆದ ಪ್ಲಗ್ ಮೊದಲು ಕೈಕೊಡುವುದು ಗ್ಯಾಸ್‌ನಲ್ಲೇ. ಸೊಸೈಟಿಯ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುತ್ತೀರಾದರೆ ಇಲಿ ವೈರ್ ಕಡಿದಿದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ.

ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್) ಬಂದು ಯಾರಾದರೂ ಕನ್ವರ್ಟರ್ ಬದಲಿಸಿ ಅಂದರೆ ತಡೆಯಿರಿ. ಮೊದಲು ಮಿಸ್‌ಫೈರ್ ಸರಿಯಾಗಬೇಕು, ಎಕ್ಸಾಸ್ಟ್ ಸೋರುತ್ತಿಲ್ಲ ಅಂತ ಖಾತ್ರಿಯಾಗಬೇಕು. ಆಮೇಲೂ ಅದೇ ಕೋಡ್ ಬಂದರೆ ಆಗ ಯೋಚನೆ ಮಾಡಿ.

ಕಾಯಿಲ್ಲೇ ಹೋಗಿದ್ದರೆ ಶೋರೂಮ್‌ನ ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿ, ಅಥವಾ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರುವ ನಾನಾ ಪೇಠ್‌ಗೆ ಹೋಗಿ. ಹಳೇ ಕಾಯಿಲ್ ಜೊತೆಗೇ ಇರಲಿ, ಮೇಲಿರುವ ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ ಕೇಳಿ. ಅಲ್ಲಿ ಒರಿಜಿನಲ್ಲೂ ಇದೆ, ಅದರ ಹಾಗೇ ಕಾಣುವ ಡೂಪ್ಲಿಕೇಟೂ ಇದೆ. ಒಂದು ಕಾಯಿಲ್ ಹೋಯಿತು ಅಂತ ಉಳಿದ ಎಲ್ಲವನ್ನೂ ಬದಲಿಸಬೇಕಿಲ್ಲ. ಪ್ಲಗ್‌ಗಳ ಅವಧಿ ಮುಗಿದಿದ್ದರೆ ಮಾತ್ರ ಪೂರ್ತಿ ಸೆಟ್ ಹಾಕಿಸಿ. ರಿಪೇರಿ ಆದ ಮೇಲೆ ಕೋಡ್ ನೀವೇ ಅಳಿಸಬಹುದು. ಅಳಿಸದಿದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲದೆ ಮೂರು ಡ್ರೈವ್ ಸೈಕಲ್ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಸುತ್ತು) ಮುಗಿದರೆ ಲೈಟ್ ತಾನಾಗಿ ಆರುತ್ತದೆ.

ಕೋಡ್ ನಂಬರ್ ಸಿಕ್ಕ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ಫ್ರೀಜ್ ಫ್ರೇಮ್ ಸ್ಕ್ರೀನ್‌ಶಾಟ್ ಇದ್ದರೆ ಅದನ್ನೂ ಹಾಕಿ, ನೋಡಿ ಹೇಳುತ್ತೇನೆ.