ಓದುಗರ ಪ್ರಶ್ನೆ: ಫಿಲಿಪ್ಪೀನ್ಸ್ ಶಾಲೆಗಳಿಗೆ ಎರಡು ವರ್ಷ ಸೇರಿದ್ದೇಕೆ?

ಪ್ರಶ್ನೆ: ಫಿಲಿಪ್ಪೀನ್ಸ್ ತನ್ನ ಶಾಲಾ ಶಿಕ್ಷಣವನ್ನು ಎರಡು ವರ್ಷ ಹೆಚ್ಚಿಸಿದ್ದು ಏಕೆ? ಅಲ್ಲಿ ಮಾತೃಭಾಷೆಗೆ ಯಾವ ಸ್ಥಾನವಿದೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆರು ವರ್ಷದ ಪ್ರಾಥಮಿಕ ಹಾಗೂ ನಾಲ್ಕು ವರ್ಷದ ಪ್ರೌಢಶಿಕ್ಷಣ ಸೇರಿ ಅಲ್ಲಿ ಹತ್ತೇ ವರ್ಷಕ್ಕೆ ಶಾಲೆ ಮುಗಿಯುತ್ತಿದ್ದುದರಿಂದ ಮಕ್ಕಳು ಕಾಲೇಜಿಗಾಗಲಿ ದುಡಿಮೆಗಾಗಲಿ ಪೂರ್ಣವಾಗಿ ಅಣಿಯಾಗುತ್ತಿರಲಿಲ್ಲ, ದುಡಿಯಲು ಹೊರದೇಶಗಳಿಗೆ ಹೋಗುವವರ ಪದವಿಗಳಿಗೆ ಮಾನ್ಯತೆ ದೊರೆಯುವುದೂ ಕಷ್ಟವಾಗಿತ್ತು. 2012ರ ಕಾಯ್ದೆ ಶಿಶುವಿಹಾರವನ್ನು ಕಡ್ಡಾಯಗೊಳಿಸಿತು. 2013ರ ಮೇ ತಿಂಗಳಲ್ಲಿ ಅಧ್ಯಕ್ಷ ಬೆನಿಗ್ನೊ ಅಕಿನೊ ಸಹಿ ಹಾಕಿದ ಕಾಯ್ದೆಯು 11 ಮತ್ತು 12ನೆಯ ತರಗತಿಗಳನ್ನು ಸೇರಿಸಿತು. ಇವು ನಮ್ಮ ಪಿಯುಸಿಯನ್ನು ನೆನಪಿಸಿದರೂ, ಅಲ್ಲಿ ಕಾಲೇಜು ಓದಿಗೆ ಸಿದ್ಧಪಡಿಸುವ ವಿಭಾಗದ ಜೊತೆಗೆ ವೃತ್ತಿಕೌಶಲ, ಕ್ರೀಡೆ ಹಾಗೂ ಕಲೆಯ ವಿಭಾಗಗಳೂ ಇದ್ದವು. 2016ರಲ್ಲಿ 11ನೆಯ ತರಗತಿ ದೇಶದಾದ್ಯಂತ ಆರಂಭವಾಯಿತು. ಮೊದಲ ತಂಡ 2018ರಲ್ಲಿ ಹೊರಬಂದಿತು. ಎರಡು ವರ್ಷದ ಹೆಚ್ಚುವರಿ ಖರ್ಚನ್ನು ಹೊರಬೇಕಾದ ಬಡ ಪೋಷಕರ ವಿರೋಧ ಸಹಜವಾದದ್ದೇ ಎಂದು ನನಗನ್ನಿಸುತ್ತದೆ.

ಅದೇ 2013ರ ಕಾಯ್ದೆ ಶಿಶುವಿಹಾರದಿಂದ ಮೂರನೆಯ ತರಗತಿಯವರೆಗೆ ಸೆಬುವಾನೊ, ಇಲೊಕಾನೊ ಮುಂತಾದ ಮನೆಮಾತುಗಳಲ್ಲಿ ಬೋಧನೆಯನ್ನು ಕಡ್ಡಾಯಗೊಳಿಸಿತ್ತು. ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವುದೂ ಶಿಕ್ಷಕರಿಗೆ ತರಬೇತಿ ನೀಡುವುದೂ ಕಠಿಣವಾಗಿ, 2024ರ ಅಕ್ಟೋಬರ್‌ನಲ್ಲಿ ಹೊಸ ಕಾಯ್ದೆ ಆ ಕಡ್ಡಾಯವನ್ನು ಕೈಬಿಟ್ಟು, ಫಿಲಿಪಿನೊ ಮತ್ತು ಇಂಗ್ಲಿಷ್‌ಗೆ ಮರಳಿತು. ಎಲ್ಲ ಮಕ್ಕಳ ಮನೆಮಾತೂ ಒಂದೇ ಆಗಿರುವ ತರಗತಿಗಳಲ್ಲಿ ಮಾತ್ರ ಮಾತೃಭಾಷಾ ಬೋಧನೆಯನ್ನು ಐಚ್ಛಿಕವಾಗಿ ಉಳಿಸಲಾಗಿದೆ.