ಕಪ್ಪಗೆ ಕಂಡದ್ದೆಲ್ಲ ಬ್ಲ್ಯಾಕ್ ಈಗಲ್ ಅಲ್ಲ

ಪ್ರಶ್ನೆ: ಕೊಡಗಿನ ನಮ್ಮ ಕಾಫಿ ತೋಟದ ಮೇಲೆ ಪೂರ್ತಿ ಕಪ್ಪಗಿನ ದೊಡ್ಡ ಗಿಡುಗ ಸುತ್ತುತ್ತಿತ್ತು. ಜೋರಾಗಿ ಕೂಗುತ್ತಲೂ ಇತ್ತು. ಫೋಟೋ ಕಳಿಸಿದ್ದೇನೆ. ಬ್ಲ್ಯಾಕ್ ಈಗಲ್ ಅಲ್ವಾ?

ಉತ್ತರ: ಅಲ್ಲ. ಅದು ಸರ್ಪೆಂಟ್ ಈಗಲ್, ಹಾವು ಹಿಡಿಯುವ ಹದ್ದು. ಬಿಸಿಲಿಗೆ ಎದುರಾಗಿ ತೆಗೆದರೆ ಯಾವ ಹಕ್ಕಿಯೂ ಕಪ್ಪೇ. ಫೋಟೋ ಸ್ವಲ್ಪ ಬೆಳಕು ಮಾಡಿ ನೋಡಿ, ರೆಕ್ಕೆಯ ಅಡಿ ಅಗಲವಾದ ಬಿಳಿ ಪಟ್ಟಿ ಕಾಣುತ್ತದೆ. ಆಕಾಶದಲ್ಲಿ ಸುತ್ತುತ್ತಾ ಅಷ್ಟು ಕೂಗುವುದೂ ಅದರದ್ದೇ ಅಭ್ಯಾಸ. ಇದೇ ತಪ್ಪನ್ನು ನಾನು ಎಷ್ಟು ಸಲ ತಿದ್ದಿದ್ದೇನೋ!

ದಯವಿಟ್ಟು ಬಣ್ಣ ಬಿಟ್ಟು ಹಾರಾಟ ನೋಡಿ. ಬ್ಲ್ಯಾಕ್ ಈಗಲ್‌ಗೆ ಆತುರವೇ ಇಲ್ಲ. ಮರಗಳ ನೆತ್ತಿಗೆ ತಾಗುವಷ್ಟು ತಗ್ಗಿನಲ್ಲಿ, ರೆಕ್ಕೆ ಬಡಿಯದೆ, ನಿಧಾನಕ್ಕೆ ತೇಲುತ್ತಾ ಹೋಗುತ್ತದೆ. ಅದು ಹುಡುಕುವುದು ಬೇರೆ ಹಕ್ಕಿಗಳ ಗೂಡು. ಮೊಟ್ಟೆ, ಮರಿಗಳೇ ಅದರ ಮುಖ್ಯ ಊಟ. ಕೆಲವೊಮ್ಮೆ ಗೂಡನ್ನೇ ಕಿತ್ತುಕೊಂಡು ಹಾರುತ್ತದೆ. ಅದಕ್ಕೇ ಅದರ ಉಗುರು ಬೇರೆ ಹದ್ದುಗಳಷ್ಟು ಬಾಗಿಲ್ಲ, ಉದ್ದವಾಗಿ ನೀಳವಾಗಿದೆ. ರೆಕ್ಕೆ ಮೈಗೆ ಸೇರುವಲ್ಲಿ ಕಿರಿದು, ಮುಂದೆ ಅಗಲ. ತುದಿಯ ಗರಿಗಳು ಬೆರಳು ಬಿಡಿಸಿದ ಹಾಗೆ ಮೇಲಕ್ಕೆ ಬಾಗಿರುತ್ತವೆ. ಬಾಲ ಉದ್ದ. ಕಪ್ಪು ಮೈಯಲ್ಲಿ ಹಳದಿ ಕಾಲು, ಕೊಕ್ಕಿನ ಬುಡದ ಹಳದಿ ಎದ್ದು ಕಾಣುತ್ತವೆ. ಎಳೆಯ ಹಕ್ಕಿಯ ಹೊಟ್ಟೆ ಮಾತ್ರ ತಿಳಿ ಬಣ್ಣದ್ದು, ಗೀರು ಗೀರಾಗಿರುತ್ತದೆ.

ನಮ್ಮ ಕಡೆ ಪಶ್ಚಿಮ ಘಟ್ಟದ ದಟ್ಟ ಕಾಡಿಗೆ ಅಂಟಿಕೊಂಡ ಹಕ್ಕಿ ಇದು. ಕಡಿದಾದ ಕಣಿವೆಯ ಎತ್ತರದ ಮರದಲ್ಲಿ ಗೂಡು ಕಟ್ಟುತ್ತದೆ. ಇಡುವುದು ಒಂದೋ ಎರಡೋ ಮೊಟ್ಟೆ. ಹಾಗಾಗಿ ಗೂಡು ಸಿಕ್ಕರೆ ಜಾಗ ಯಾರಿಗೂ ಹೇಳಬೇಡಿ, ವಾಟ್ಸ್ಆ್ಯಪ್ ಗುಂಪಿಗಂತೂ ಹಾಕಲೇಬೇಡಿ. ನನಗೂ ಬೇಡ. ಹಕ್ಕಿಯ ಫೋಟೋ ಕಳಿಸಿದರೆ ಸಾಕು.

ಪ್ರಶ್ನೆ: ಮನೆ ಮೇಲೆ ಕಪ್ಪು ಗಿಡುಗ ಹಾರಿದರೆ ಅಪಶಕುನವೇ?

ಉತ್ತರ: ಅಲ್ಲ. ಹತ್ತಿರದಲ್ಲಿ ಕಾಡು ಇನ್ನೂ ಉಳಿದಿದೆ ಅಂತ ಖುಷಿಪಡಿ.

ಪ್ರಶ್ನೆ: ನಮ್ಮ ಕೋಳಿಮರಿ ಒಯ್ಯುವುದು ಇದೇನಾ?

ಉತ್ತರ: ಬಾಲದ ತುದಿ ಕವಲೊಡೆದಿದ್ದರೆ ಅದು ಊರಿನ ಮಾಮೂಲಿ ಹದ್ದು. ಮರಿಗಳನ್ನು ಬಲೆಯಡಿ ಬಿಡಿ, ಕೋವಿ ಮುಟ್ಟಬೇಡಿ.

ಪ್ರಶ್ನೆ: ಸಂತೆಯಲ್ಲಿ ದೃಷ್ಟಿ ನಿವಾರಣೆಗೆ ಗಿಡುಗದ ಉಗುರು ಮಾರುತ್ತಾರೆ. ಕೊಳ್ಳಬಹುದೇ?

ಉತ್ತರ: ಮಾರುವವನು ಮೋಸಗಾರ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಮಾರುವುದು ಅಪರಾಧ, ಕೊಂಡರೆ ನೀವೂ ಸಿಕ್ಕಿಬೀಳುತ್ತೀರಿ. ಅರಣ್ಯ ಇಲಾಖೆಗೆ ತಿಳಿಸಿ.