ಒಂದೇ ಮೇಜು, ಐದು ಕಾರು: ಮಾಡೆಲ್ ಕಾರು ಕಟ್ಟುವವರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಅಂಟು, ಬಣ್ಣದ ಪ್ರಶ್ನೆಗಳಿಗಿಂತ ಜತೆಗಾರರ ಕುರಿತ ಪ್ರಶ್ನೆಗಳೇ ಹೆಚ್ಚು. ಎರಡೂ ಅಷ್ಟೇನೂ ಬೇರೆಯಲ್ಲ. ಈ ಹವ್ಯಾಸದಲ್ಲಿ ಮುನಿಸು ಹುಟ್ಟುವುದು ಬಾಗಿದ ಸೂಜಿಯಿಂದ, ಮುಕ್ಕಾದ ಅಲಗಿನಿಂದ, ವಾಪಸ್ ಬಾರದ ಡೆಕಾಲ್ (ನೀರಲ್ಲಿ ನೆನೆಸಿ ಕಾರಿಗೆ ಅಂಟಿಸುವ ಗುರುತು) ಹಾಳೆಯಿಂದ. ಆರಿಸಿದ ಆರು ಪ್ರಶ್ನೆಗಳು ಇಲ್ಲಿವೆ.

ನಾವು ಐದು ಜನ ಗೆಳೆಯರು ಭಾನುವಾರ ಒಂದು ಮನೆಯಲ್ಲಿ ಸೇರಿ 1/24 ಅಳತೆಯ, ಅಂದರೆ ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನಷ್ಟಿರುವ, ಪ್ಲಾಸ್ಟಿಕ್ ಬಿಡಿಭಾಗಗಳ ಕಾರು ಕಿಟ್ ಕಟ್ಟುತ್ತೇವೆ. ದುಡ್ಡು ಸೇರಿಸಿ ಬಣ್ಣ ಸಿಂಪಡಿಸುವ ಒಂದು ಏರ್‌ಬ್ರಷ್, ಅದಕ್ಕೆ ಗಾಳಿ ಒದಗಿಸುವ ಒಂದು ಕಂಪ್ರೆಸರ್ ಕೊಳ್ಳುವ ಯೋಚನೆಯಿದೆ. ಯಾವುದು ಹಂಚಿಕೊಳ್ಳಬಹುದು, ಯಾವುದು ಬೇಡ? — ಓದುಗರು, ಮೈಸೂರು

ಕಂಪ್ರೆಸರ್ ಹಂಚಿಕೊಳ್ಳಿ, ಏರ್‌ಬ್ರಷ್ ಬೇಡವೇ ಬೇಡ.

3 ಲೀಟರ್ ಟ್ಯಾಂಕ್ ಇರುವ ಪಿಸ್ಟನ್ ಕಂಪ್ರೆಸರ್ ಐದು ಜನರ ಸರದಿಗೆ ಧಾರಾಳವಾಗಿ ಸಾಕು. ಕಾರಿನ ಬಾಡಿಗೆ 15ರಿಂದ 20 ಪಿಎಸ್‌ಐ ಒತ್ತಡ ಇದ್ದರಾಯಿತು. ಹೋಸಿನ ತುದಿಗೆ ಕ್ವಿಕ್ ಕಪ್ಲರ್ ಹಾಕಿಸಿದರೆ ಒಬ್ಬರ ಏರ್‌ಬ್ರಷ್ ಕಳಚಿ ಇನ್ನೊಬ್ಬರದು ಸಿಕ್ಕಿಸಲು ಒಂದು ಕ್ಷಣ ಸಾಕು. ಎದ್ದು ಹೋಗುವ ಮುನ್ನ ಟ್ಯಾಂಕಿನ ಅಡಿಯ ತಿರುಪು ಸಡಿಲಿಸಿ ನೀರು ಬಸಿಯುವ ಕೆಲಸ ಯಾರದೆಂದು ಮೊದಲೇ ಗೊತ್ತು ಮಾಡಿ. ಮಳೆಗಾಲದಲ್ಲಿ ಆ ನೀರು ಹೋಸಿನೊಳಗೆ ಬಂದು ಬಣ್ಣದ ಮೇಲೆ ಹನಿಯಾಗಿ ಬೀಳುತ್ತದೆ.

ಏರ್‌ಬ್ರಷ್ ವಿಷಯ ಬೇರೆ. 0.3 ಮಿಮೀ ನಾಜಲ್‌ನ ಸೂಜಿ ತುದಿ ಕೂದಲೆಳೆಯಷ್ಟು ಬಾಗಿದರೂ ಬಣ್ಣ ಒಂದು ಪಕ್ಕಕ್ಕೆ ಸಿಡಿಯುತ್ತದೆ. ಬಾಗಿಸಿದ್ದು ಯಾರೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ಜಗಳಕ್ಕೆ ಅದಕ್ಕಿಂತ ಒಳ್ಳೆಯ ಬೀಜ ಬೇಕೆ? ಪರೀಕ್ಷಿಸಬೇಕೆಂದರೆ ಸೂಜಿ ತೆಗೆದು, ತುದಿಯನ್ನು ಇಯರ್ ಬಡ್ಡಿನ ಹತ್ತಿಯ ಮೇಲೆ ಹಿಂದಕ್ಕೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ತುದಿ ಕೊಕ್ಕೆಯಾಗಿದೆ ಎಂದರ್ಥ. ಯಾರದೇ ಏರ್‌ಬ್ರಷ್ ಎರವಲು ಪಡೆಯಲೇಬೇಕಾಗಿ ಬಂದರೆ ತೊಳೆಯುವ ಕ್ರಮ ಹೀಗೆ: ಕಪ್‌ಗೆ ಥಿನ್ನರ್ ಹಾಕಿ ಬಣ್ಣವಿಲ್ಲದೆ ಬರುವವರೆಗೆ ಊದಿ, ನಾಜಲ್ ಬಾಯಿಗೆ ಬಟ್ಟೆ ಒತ್ತಿ ಕಪ್‌ನಲ್ಲಿ ಗುಳ್ಳೆ ಏಳಿಸಿ, ಮತ್ತೆ ಊದಿ, ಕೊನೆಗೆ ಸೂಜಿಯನ್ನು ಹಿಂದಿನಿಂದ ಎಳೆದು ಒರೆಸಿ.

ಚೂರಿ, ನಿಪ್ಪರ್ ಕೂಡ ಅವರವರದೇ ಇರಲಿ. ಸ್ಪ್ರೂ, ಅಂದರೆ ಭಾಗಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಕಡ್ಡಿ, ಕತ್ತರಿಸುವ ತೆಳು ಅಲಗಿನ ನಿಪ್ಪರ್‌ನಲ್ಲಿ ಯಾರೋ ಒಬ್ಬರು ಹಿತ್ತಾಳೆ ತಂತಿ ಕತ್ತರಿಸಿದರೆ ಸಾಕು, ಅಲಗು ಮುಕ್ಕಾಗುತ್ತದೆ. ಹೊಗೆ ಹೊರಹಾಕುವ ಸ್ಪ್ರೇ ಬೂತ್, ದೊಡ್ಡ ಬಾಟಲಿ ಥಿನ್ನರ್, ಪಾಲಿಶಿಂಗ್ ಕಾಂಪೌಂಡ್, 400ರಿಂದ 2000ರವರೆಗಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಕಾಗದ, ಅಂಕಿ ಹೆಚ್ಚಿದಷ್ಟೂ ನುಣುಪು), ಇವು ನಿಶ್ಚಿಂತೆಯಿಂದ ಸಾಮೂಹಿಕವಾಗಿರಬಹುದು.

ನನಗಿಂತ ಹಿರಿಯ ಗೆಳೆಯರೊಬ್ಬರು ಗ್ಯಾರೇಜಿನಲ್ಲಿ ಪೇಂಟಿಂಗ್ ಕೆಲಸ ಬಲ್ಲವರು. ಅವರು ಹೇಳಿದಂತೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಥಿನ್ನರ್ ಬೆರೆಸಿದ ಬಣ್ಣ ಹೊಡೆದೆ. ಬಾನೆಟ್ ತುಂಬ ಜೇಡರಬಲೆಯಂಥ ಬಿರುಕು. ಅವರ ಮನಸ್ಸು ನೋಯಿಸದೆ ಹೇಗೆ ಹೇಳಲಿ? ಬಾನೆಟ್ ಉಳಿಯುತ್ತದೆಯೇ? — ಓದುಗರು, ಮಂಗಳೂರು

ನಿಜವಾದ ಕಾರಿನ ಮಟ್ಟಿಗೆ ಅವರ ಮಾತು ಸರಿ. ಅಲ್ಲಿ ಕೆಳಗಿರುವುದು ತಗಡು, ಕಿಟ್‌ನಲ್ಲಿರುವುದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಎನ್.ಸಿ. ಥಿನ್ನರ್‌ಗೆ ಪಾಲಿಸ್ಟೈರೀನ್ ಎಂದರೆ ನೀರಿಗೆ ಬೆಲ್ಲ. ಅಚ್ಚಿನಲ್ಲಿ ತಣಿಯುವಾಗ ಬಿಗುವು ಉಳಿದ ಕಡೆಗಳಲ್ಲಿ, ಅಂದರೆ ಬಾನೆಟ್ಟಿನ ಅಂಚು, ಚಕ್ರದ ಕಮಾನು, ಕಿಟಕಿಯ ಕಂಬ, ಬಿರುಕು ಮೊದಲು ಕಾಣಿಸುತ್ತದೆ.

ಅವರಿಗೆ ಬಾಯಲ್ಲಿ ಹೇಳುವ ಬದಲು ಚಮಚದಲ್ಲಿ ತೋರಿಸಿ. ಬಗ್ಗಿಸಿದರೆ ಪಟ್ಟನೆ ಮುರಿಯುವ ಬಗೆಯ, ಹಿಂಬದಿ 6 ಎಂಬ ಅಂಕಿಯಿರುವ ಬಿಳಿ ಪ್ಲಾಸ್ಟಿಕ್ ಚಮಚ ಪಾಲಿಸ್ಟೈರೀನ್‌ನದು. ಅಂಥ ಮೂರು ತನ್ನಿ. ಒಂದಕ್ಕೆ ಎನ್.ಸಿ. ಥಿನ್ನರ್ ಬೆರೆಸಿದ ಬಣ್ಣ ನೇರವಾಗಿ, ಇನ್ನೊಂದಕ್ಕೆ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಲೇಪ) ಹಾಕಿ ಒಂದು ದಿನ ಬಿಟ್ಟು ಅದೇ ಬಣ್ಣ, ಮೂರನೆಯದಕ್ಕೆ ಪ್ಲಾಸ್ಟಿಕ್ ಮಾಡೆಲ್‌ಗೆಂದೇ ಮಾಡಿದ ಲ್ಯಾಕರ್ ಬಣ್ಣ. ಇಬ್ಬರೂ ಕೂತು ಹೊಡೆಯಿರಿ. ಬಣ್ಣ ಹೊಡೆಯುವ ಕೈ ಅವರದು ಪಳಗಿದ್ದು. ದೂರ, ವೇಗ, ಪದರಗಳ ನಡುವಿನ ಬಿಡುವು ಇವನ್ನೆಲ್ಲ ನೀವೇ ಅವರಿಂದ ಕಲಿಯಬೇಕಾದೀತು. ಥಿನ್ನರ್ ಒಂದನ್ನು ಚಮಚ ಕಲಿಸುತ್ತದೆ.

ಬಾನೆಟ್ ಉಳಿಸಬಹುದು. ಬಣ್ಣ ಕರಗಿಸಿ ತೆಗೆದರೆ ಸಾಲದು, ಏಕೆಂದರೆ ಬಿರುಕು ಪ್ಲಾಸ್ಟಿಕ್ಕಿನೊಳಗೇ ಇದೆ. 400ರ ವಾಟರ್ ಪೇಪರ್ ಒದ್ದೆ ಮಾಡಿ ಗೆರೆ ಮಾಯವಾಗುವವರೆಗೆ ಉಜ್ಜಿ, ಆಮೇಲೆ 600, 1000. ಬೂದು ಪ್ರೈಮರ್ ತೆಳುವಾಗಿ ಹೊಡೆದು ಓರೆ ಬೆಳಕಿನಲ್ಲಿ ನೋಡಿ. ಉಳಿದ ಗೆರೆ ಆಗ ಎದ್ದು ಕಾಣುತ್ತದೆ. ಉಜ್ಜುವ ಮೊದಲೇ ಬಾನೆಟ್ ಸುತ್ತಲಿನ ಪ್ಯಾನೆಲ್ ಗೆರೆಗಳನ್ನು (ಭಾಗಗಳ ನಡುವಿನ ಸಂದು ತೋರಿಸುವ ಗೆರೆ) ಚೂರಿ ಅಲಗಿನ ಬೆನ್ನಿನಿಂದ ಒಂದೆರಡು ಸಲ ಆಳ ಮಾಡಿಕೊಳ್ಳಿ, ಇಲ್ಲದಿದ್ದರೆ ಬಿರುಕಿನ ಜತೆ ಅವೂ ಅಳಿಸಿಹೋಗುತ್ತವೆ.

ಮಂಗಳೂರಿನವರಿಗೆ ಇನ್ನೊಂದು ಮಾತು: ಜೂನ್‌ನಿಂದ ಆಗಸ್ಟ್‌ವರೆಗೆ ಲ್ಯಾಕರ್ ಹೊಳಪು ಬಿಳಿಚಿಕೊಂಡರೆ ಅದಕ್ಕೆ ಗೆಳೆಯರೂ ಕಾರಣರಲ್ಲ, ಥಿನ್ನರೂ ಅಲ್ಲ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಮಳೆ ಬಿಟ್ಟ ದಿನ ನಿಧಾನ ಆರುವ ಥಿನ್ನರ್‌ನ ತೆಳು ಹನಿ ಊದಿದರೆ ಬಿಳಿಪು ಕರಗುತ್ತದೆ.

ನಮ್ಮ ಊರಿನ ಗುಂಪು ವರ್ಷಕ್ಕೊಮ್ಮೆ ಪ್ರದರ್ಶನ ಇಟ್ಟು ಬಹುಮಾನ ಕೊಡುತ್ತದೆ. ಕಳೆದ ಸಲ ತೀರ್ಪಿನ ಮೇಲೆ ಇಬ್ಬರು ಮಾತು ಬಿಟ್ಟರು. ಬಹುಮಾನ ನಿಲ್ಲಿಸೋಣವೇ? — ಓದುಗರು, ಹುಬ್ಬಳ್ಳಿ

ನಿಲ್ಲಿಸಿದರೆ ಜನ ಬರುವುದಿಲ್ಲ ಎಂಬ ಭಯ ಬೇಡ. ಅಮೆರಿಕದ ಓಹಾಯೋ ರಾಜ್ಯದ ಟೊಲೀಡೊದಲ್ಲಿ 1980ರಲ್ಲಿ ಶುರುವಾದ ಎನ್‌ಎನ್‌ಎಲ್ ಎಂಬ ಮಾಡೆಲ್ ಕಾರು ಕೂಟ ನಿಂತಿರುವುದೇ ತೀರ್ಪುಗಾರರಿಲ್ಲದ ಪದ್ಧತಿಯ ಮೇಲೆ. ಪ್ರತಿ ವರ್ಷ ಒಂದು ವಿಷಯ ಗೊತ್ತು ಮಾಡುತ್ತಾರೆ, ಎಲ್ಲರೂ ಕಾರು ತಂದು ಮೇಜಿನ ಮೇಲಿಡುತ್ತಾರೆ, ತಂದವರೇ ತಮಗೆ ಹಿಡಿಸಿದ್ದಕ್ಕೆ ಮತ ಹಾಕುತ್ತಾರೆ. ಅದೇ ಮಾದರಿಯ ಕೂಟಗಳು ಅಲ್ಲಿನ ಬೇರೆ ಬೇರೆ ಊರುಗಳಲ್ಲೂ ಹುಟ್ಟಿಕೊಂಡವು. ಮಾಡೆಲ್ ಕಿಟ್ ತಯಾರಿಸುವ ಟಾಮಿಯಾ ಕಂಪನಿಯ ತವರಾದ ಜಪಾನಿನ ಶಿಜುವೋಕಾದಲ್ಲಿ ಮೇ ತಿಂಗಳ ಹವ್ಯಾಸ ಮೇಳದ ಜತೆ ನಡೆಯುವ ಕ್ಲಬ್ಬುಗಳ ಜಂಟಿ ಪ್ರದರ್ಶನವೂ ಸ್ಪರ್ಧೆಯಲ್ಲ. ಕ್ಲಬ್ಬಿಗೊಂದು ಮೇಜು, ಮೇಜಿನ ಹಿಂದೆ ಕಟ್ಟಿದವರೇ ನಿಂತಿರುತ್ತಾರೆ.

ನಿಮ್ಮಲ್ಲಿ ಹೀಗೆ ಮಾಡಿ ನೋಡಿ: ಒಂದು ಮೇಜು ‘ಇನ್ನೂ ಮುಗಿಯದ ಕಾರು’ಗಳಿಗೆ ಮೀಸಲಿಡಿ. ಹೊಸಬರು ಗುಂಪುಗೂಡುವುದು ಆ ಮೇಜಿನ ಸುತ್ತಲೇ, ಏಕೆಂದರೆ ಒಳಗಿನ ಕೆಲಸ ಅಲ್ಲಿ ಕಾಣುತ್ತದೆ. ಪ್ರತಿ ಕಾರಿನ ಮುಂದೆ ಕಿಟ್, ಅಳತೆ, ಬಣ್ಣ, ಕೈಯಾರೆ ಮಾಡಿದ ಭಾಗ ಇಷ್ಟನ್ನು ಬರೆದ ಚೀಟಿ ಇರಲಿ.

ಬಹುಮಾನ ಬೇಕೇ ಬೇಕೆಂದರೆ, ತಗಾದೆಗೆ ಎಡೆಯಿಲ್ಲದ ಅಂಶಗಳಿಂದ ಶುರು ಮಾಡಿ. ನಾಲ್ಕೂ ಚಕ್ರ ನೆಲ ಮುಟ್ಟಿವೆಯೇ? ಪ್ರತಿ ಟೈರಿನ ಕೆಳಗೆ ತೆಳು ಕಾಗದದ ಪಟ್ಟಿ ತೂರಿಸಿ, ಸಲೀಸಾಗಿ ಜಾರಿದರೆ ಆ ಚಕ್ರ ಗಾಳಿಯಲ್ಲಿದೆ. ಗಾಜಿಗೆ ಅಂಟಿನ ಮಂಜು ಹಿಡಿದಿದೆಯೇ? ಬಂಪರ್ ಓರೆಯಾಗಿದೆಯೇ? ಅಚ್ಚಿನ ಗೆರೆ ಉಳಿದಿದೆಯೇ? ‘ಯಾವುದು ಹೆಚ್ಚು ಚೆಂದ’ ಎಂಬ ಪ್ರಶ್ನೆ ಆಮೇಲೆ. ತನ್ನ ಕಾರು ಇಟ್ಟಿರುವ ವಿಭಾಗಕ್ಕೆ ಯಾರೂ ತೀರ್ಪು ಕೊಡಬಾರದು, ಇದು ಬಾಯಿಮಾತಿನಲ್ಲಿ ಬೇಡ, ಬರೆದಿಡಿ.

ಅಮೆರಿಕದಲ್ಲಿರುವ ಕನ್ನಡಿಗ ಗೆಳೆಯರೊಬ್ಬರು ತಮ್ಮ 1/25 ಕಿಟ್‌ಗಳಲ್ಲಿ ಉಳಿದ ಚಕ್ರ, ಎಂಜಿನ್ ಕಳಿಸುತ್ತೇನೆಂದಿದ್ದಾರೆ. ನನ್ನ ಕಾರುಗಳೆಲ್ಲ 1/24. ಹೊಂದುತ್ತವೆಯೇ? — ಓದುಗರು, ಶಿವಮೊಗ್ಗ

ಎಂಜಿನ್ ಹೊಂದುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಚಕ್ರದ ಲೆಕ್ಕ ನೋಡಿ: 15 ಇಂಚಿನ ರಿಮ್ 1/24ರಲ್ಲಿ 15.9 ಮಿಮೀ, 1/25ರಲ್ಲಿ 15.2 ಮಿಮೀ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ನಡೆಯುತ್ತದೆ, ಎರಡನ್ನು ಮಾತ್ರ ಬದಲಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಸೀಟು, ಡ್ಯಾಶ್‌ಬೋರ್ಡ್ ಮಾತ್ರ ಬೇಡ. ಅಗಲದಲ್ಲಿ ಎರಡು ಮೂರು ಮಿಮೀ ಸಂದು ಬೀಳುತ್ತದೆ.

ಅಮೆರಿಕದವರ ಬಳಿ ಉಳಿಕೆ ಭಾಗ ಅಷ್ಟೊಂದು ಇರುವುದಕ್ಕೆ ಕಾರಣವಿದೆ. 1958ರಿಂದ ಎಎಂಟಿ ಕಂಪನಿ ಒಂದೇ ಡಬ್ಬಿಯಲ್ಲಿ ಮೂರು ಬಗೆಯಾಗಿ ಕಟ್ಟಬಹುದಾದ ಕಿಟ್ ಕೊಡತೊಡಗಿತು: ಶೋರೂಮಿನಂತೆ, ರೇಸಿಗೆ, ಅಥವಾ ಮನಸ್ಸಿಗೆ ಬಂದಂತೆ ಮಾರ್ಪಡಿಸಿ. ಒಂದನ್ನು ಕಟ್ಟಿದರೆ ಎರಡರ ಭಾಗ ಉಳಿಯಿತಲ್ಲ! ಅಲ್ಲಿನ ಗೆಳೆತನಗಳು ಎಷ್ಟೋ ಸಲ ಈ ಉಳಿಕೆ ಡಬ್ಬಿಯ ಅದಲುಬದಲಿನಿಂದಲೇ ಶುರುವಾಗುತ್ತವೆ.

ಪ್ಯಾಕ್ ಮಾಡುವಾಗ ಟೈರುಗಳನ್ನು ಬೇರೆ ಜಿಪ್ ಚೀಲದಲ್ಲಿ ಹಾಕಲು ಹೇಳಿ. ವಿನೈಲ್ ಟೈರಿನೊಳಗಿನ ಎಣ್ಣೆಯಂಥ ಅಂಶ ಒಸರಿ, ತಾಗಿದ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಒಟ್ಟಿಗಿದ್ದ ಗಾಜಿನ ಮೇಲೆ ಟೈರಿನ ಅಚ್ಚು ಹಾಗೇ ಮೂಡಿರುವುದುಂಟು. ಪಾರದರ್ಶಕ ಭಾಗಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಲಿ. ಸ್ಪ್ರೇ ಡಬ್ಬಿ, ಥಿನ್ನರ್ ವಿಮಾನದ ಅಂಚೆಯಲ್ಲಿ ಹೋಗುವುದಿಲ್ಲ, ಕೇಳಲೂ ಬೇಡಿ. ಪ್ರತಿಯಾಗಿ ಏನು ಕಳಿಸುತ್ತೀರೆಂದು ಮೊದಲೇ ಹೇಳಿಬಿಡುವುದು ಲೇಸು.

ಆರು ಜನ ಸೇರಿ 1/24 ಅಂಬಾಸಡರ್ ಒಂದನ್ನು ತ್ರೀಡಿ ಪ್ರಿಂಟ್ ಮಾಡಿ ತಲಾ ಒಂದು ಕಟ್ಟಬೇಕೆಂದಿದ್ದೇವೆ. ಕೆಲಸ ಹಂಚುವುದು ಹೇಗೆ? — ಓದುಗರು, ಬೆಂಗಳೂರು

ಮೊದಲು ಇಸವಿ ಗೊತ್ತು ಮಾಡಿ, ಆಮೇಲೆ ಕೆಲಸ ಹಂಚಿ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಈ ಕಾರು ಹೊರಗಿನಿಂದ ಒಂದೇ ಎನಿಸಿದರೂ 1962ರ ಮಾರ್ಕ್ 2ಕ್ಕೂ 1979ರ ಮಾರ್ಕ್ 4ಕ್ಕೂ ಮುಂಬದಿಯ ಜಾಲರಿ ಬೇರೆ, ಪಾರ್ಕಿಂಗ್ ದೀಪ ಬೇರೆ. ಒಬ್ಬರು ಅಜ್ಜನ ಕಾರಿನ ಫೋಟೊ, ಇನ್ನೊಬ್ಬರು ಟ್ಯಾಕ್ಸಿಯ ಫೋಟೊ ಇಟ್ಟುಕೊಂಡು ಕೂತರೆ ಎರಡೂ ಅಲ್ಲದ ಕಾರು ಹುಟ್ಟುತ್ತದೆ.

ಕಂಪ್ಯೂಟರಿನಲ್ಲಿ ಚಿತ್ರಿಸುವವರು ಪಾಲಿಸಬೇಕಾದ ಅಳತೆ ಮೂರು. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2464 ಮಿಮೀ, 1/24ರಲ್ಲಿ 102.7. ಉದ್ದ 4325, ಅಂದರೆ 180.2. ಅಗಲ 1662, ಅಂದರೆ 69.3. ಫೋಟೊ ಮೇಲೆ ಅಳೆದು ಚಿತ್ರಿಸಿದರೆ ಲೆನ್ಸಿನ ಓರೆಯಿಂದ ಮೂತಿ ಉಬ್ಬುತ್ತದೆ. ಪ್ರತಿ ಹಂತದಲ್ಲೂ ಈ ಮೂರನ್ನು ತಾಳೆ ನೋಡಿ.

ಪ್ರಿಂಟರ್ ಇರುವವರು ಬಾಡಿಯ ಗೋಡೆ 1.2 ಮಿಮೀಗಿಂತ ತೆಳುವಾಗದಂತೆ, 0.05 ಮಿಮೀ ಪದರದಲ್ಲಿ, ಓರೆಯಾಗಿ ನಿಲ್ಲಿಸಿ, ಆಧಾರದ ಕಡ್ಡಿಗಳೆಲ್ಲ ಒಳಬದಿಗೆ ಬರುವಂತೆ ಪ್ರಿಂಟ್ ಮಾಡಲಿ. ಕೈಗವಸು ಕಡ್ಡಾಯ, ಪ್ರಿಂಟಿಗೆ ಬಳಸುವ ರೆಸಿನ್ ದ್ರವ ಗಟ್ಟಿಯಾಗುವ ಮುನ್ನ ಚರ್ಮಕ್ಕೆ ಅಲರ್ಜಿ ತರುತ್ತದೆ. ಮೊದಲು ಒಂದೇ ಬಾಡಿ ತೆಗೆದು, ಪ್ರೈಮರ್ ಹಾಕಿ, ಆರೂ ಜನ ನೋಡಿ ತಪ್ಪು ಪಟ್ಟಿ ಮಾಡಿ. ಆರನ್ನೂ ಒಟ್ಟಿಗೆ ಪ್ರಿಂಟ್ ಮಾಡುವ ಆತುರದಲ್ಲಿ ಒಂದೇ ತಪ್ಪು ಆರು ಸಲ ಅಚ್ಚಾಗುತ್ತದೆ.

ಉಳಿದವರಲ್ಲಿ ಒಬ್ಬರು ಆರು ಕಾರಿನ ಗಾಜನ್ನು ಪಾರದರ್ಶಕ ಓಎಚ್‌ಪಿ ಹಾಳೆಯಲ್ಲಿ ಕತ್ತರಿಸಲಿ, ಒಬ್ಬರು ನಂಬರ್ ಪ್ಲೇಟ್ ಡೆಕಾಲ್ ಮುದ್ರಿಸಲಿ, ಒಬ್ಬರು ಬಂಪರ್‌ಗಳಿಗೆ ಹೊಳೆಯುವ ಕಪ್ಪು ಹೊಡೆದು ಅದರ ಮೇಲೆ ಕ್ರೋಮ್ ಬಣ್ಣ ಹಾಕಲಿ. ರೆಸಿನ್‌ಗೆ ಕಿಟ್‌ನ ಅಂಟು ಹಿಡಿಯದು, ಫೆವಿಕ್ವಿಕ್ ಬಗೆಯದೇ ಬೇಕು. ಆದರೆ ಗಾಜಿನ ಹತ್ತಿರ ಅದರ ಹಬೆ ಬಿಳಿ ಮಂಜು ಕೂರಿಸುತ್ತದೆ, ಅಲ್ಲಿ ಹಲ್ಲುಕಡ್ಡಿಯಲ್ಲಿ ಫೆವಿಕಾಲ್ ಮುಟ್ಟಿಸಿದರೆ ಸಾಕು. ಆರನೆಯವರ ಕೆಲಸ ಖರ್ಚಿನ ಲೆಕ್ಕ. ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ, ಚೀಟಿ ಎತ್ತಿ.

ನಮ್ಮ ಗುಂಪಿನ ಹಿರಿಯರೊಬ್ಬರು ತೀರಿಕೊಂಡರು. ಮನೆಯಲ್ಲಿ ಮೂವತ್ತರಷ್ಟು ಕಿಟ್, ಅರ್ಧ ಕಟ್ಟಿದ ಒಂದು ಕಾರು ಇವೆ. ಮನೆಯವರು ‘ನೀವೇ ಏನಾದರೂ ಮಾಡಿ’ ಎಂದಿದ್ದಾರೆ. — ಓದುಗರು, ದಾವಣಗೆರೆ

ಯಾರೂ ಒಬ್ಬರೇ ಹೋಗಬೇಡಿ. ಇಬ್ಬರು ಹೋಗಿ, ಮನೆಯವರ ಎದುರಿಗೇ ಒಂದೊಂದು ಡಬ್ಬಿ ತೆರೆದು ಪಟ್ಟಿ ಮಾಡಿ: ಒಳಚೀಲ ಒಡೆದಿದೆಯೇ, ಸೂಚನಾ ಹಾಳೆಗೆ ಎದುರಾಗಿ ಭಾಗಗಳೆಲ್ಲ ಇವೆಯೇ, ಡೆಕಾಲ್ ಹಳದಿಯಾಗಿದೆಯೇ, ಟೈರು ಏನನ್ನಾದರೂ ಕರಗಿಸಿದೆಯೇ. ಪ್ರತಿಯೊಂದರ ಫೋಟೊ, ಮುಂದೆ ಬೆಲೆ. ಆ ಪಟ್ಟಿಯ ಒಂದು ಪ್ರತಿ ಮನೆಯವರ ಕೈಯಲ್ಲಿರಲಿ. ಗುಂಪಿನವರು ಕೊಳ್ಳುವುದಾದರೆ ಇದೇ ಬೆಲೆಗೆ, ದುಡ್ಡು ನೇರ ಮನೆಯವರಿಗೆ. ಅವರಾಗಿಯೇ ‘ಸುಮ್ಮನೆ ಒಯ್ಯಿರಿ’ ಎಂದರೂ ಬೆಲೆ ಗೊತ್ತಾದ ಮೇಲೆ ಹೇಳಲಿ.

ಹಳದಿಯಾದ ಡೆಕಾಲ್ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಟೇಪ್ ಹಚ್ಚಿ ಒಂದೆರಡು ವಾರ ಬಿಟ್ಟರೆ ಹಳದಿ ಎಷ್ಟೋ ಇಳಿಯುತ್ತದೆ. ನೀರಿಗೆ ಹಾಕುವ ಮುನ್ನ ತೆಳು ಕ್ಲಿಯರ್ ಲ್ಯಾಕರ್ ಹೊಡೆಯಿರಿ, ಇಲ್ಲದಿದ್ದರೆ ಹಳೆಯ ಡೆಕಾಲ್ ನೀರಲ್ಲಿ ಚೂರುಚೂರಾಗುತ್ತದೆ. ಹಾಗೆ ಹೊಡೆದ ಮೇಲೆ ಪ್ರತಿ ಗುರುತನ್ನೂ ಅಂಚಿಗೆ ಹತ್ತಿರವಾಗಿ ಕತ್ತರಿಸಿಕೊಳ್ಳಬೇಕು.

ಅರ್ಧ ಕಟ್ಟಿದ ಕಾರನ್ನು ಗುಂಪೇ ಮುಗಿಸಿ ಮನೆಯವರಿಗೆ ಕೊಡಿ. ಸೂಪರ್ ಗ್ಲೂನಲ್ಲಿ ಓರೆ ಅಂಟಿದ ಭಾಗವೇನಾದರೂ ಇದ್ದರೆ ಕೆಲವು ಗಂಟೆ ಫ್ರೀಜರಿನಲ್ಲಿಡಿ. ಚಳಿಗೆ ಆ ಅಂಟು ಪೆಡಸಾಗಿ ಮೆಲ್ಲನೆ ತಿರುಚಿದರೆ ಬಿಡುತ್ತದೆ. ಅಸಿಟೋನ್ ಮುಟ್ಟಿಸಬೇಡಿ, ಅಂಟಿನ ಜತೆ ಕಾರೂ ಕರಗುತ್ತದೆ. ಅವರು ಹೊಡೆದ ಬಣ್ಣದ ಮೇಲೆ ನಿಮ್ಮ ಕೈಚಳಕ ತೋರಿಸಲು ಹೋಗಬೇಡಿ, ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೂ ಹಾಗೇ ಇರಲಿ. ಶುರು ಮಾಡುವ ಮುನ್ನ ಸೂಚನಾ ಹಾಳೆ ಬಿಡಿಸಿ ನೋಡಿ. ಮುಗಿದ ಹಂತಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುವ ರೂಢಿ ಬಹಳ ಜನರಿಗಿದೆ. ಕೊನೆಯ ಗುರುತಿನ ಮುಂದಿನ ಹಂತ ನಿಮ್ಮದು.